ರೂತವ್ವ ಕೊಟ್ಟ ಮಾತು

ನಮ್ಮ ಕ್ರೈಸ್ತ ಸಭೆಯಲ್ಲಿ ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಆರಾಧನೆಯಲ್ಲಿ ಉಳಿದವರೆಲ್ಲ ದೇವರ ಕಡೆ ಮುಖ ಮಾಡಿ ಕೂತರೆ ಪೇಟಿಯವನೊಬ್ಬ ಜನರ ಕಡೆ ಮುಖ ಮಾಡಿ ಕೂತಿರುತ್ತಾನೆ. ಯಾರು ಆಕಳಿಸಿದರು, ಕಾಣಿಕೆಯ ತಟ್ಟೆ ಹತ್ತಿರ ಬಂದಾಗ ಯಾರಿಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿ ಕಣ್ಣು ಮುಚ್ಚಿತು, ಎಲ್ಲ ಕಾಣುತ್ತದೆ. ಹಳೆ ಬಾಗಲಕೋಟೆಯ ಆ ಸಣ್ಣ ದೇವಾಲಯದಲ್ಲಿ ಎಪ್ಪತ್ತೊಂಬತ್ತು, ಎಂಬತ್ತರಲ್ಲಿ ನಡೆದದ್ದನ್ನು ನಾನು ಹೀಗೆ ಎದುರಿನಿಂದಲೇ ನೋಡಿದೆ. ಉಳಿದವರು ಮರೆತಿದ್ದಾರೆ. ಮರೆಯುವುದರಲ್ಲಿ ನಮ್ಮವರದು ಎತ್ತಿದ ಕೈ.

ರೂತವ್ವ ಹುಟ್ಟಿದ್ದು ಬಾದಾಮಿಯಲ್ಲಿ, ಮಗ್ಗದವರ ಮನೆಯಲ್ಲಿ. ತಾಯಿ ಒಂದು ಗಂಡು ಕೂಸನ್ನು ಹಡೆದು ಬಾಣಂತನದಲ್ಲೇ ತೀರಿಕೊಂಡಳು. ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇನ್ನೂ ಲಂಗ ಹಾಕುವ ವಯಸ್ಸಿನ ರೂತವ್ವ. ಆ ಕೂಸೇ ಮುಂದೆ ಯೆರೆಮೀಯ ಮಾಸ್ತರರಾದರು, ಹೆಡ್‌ಮಾಸ್ತರರಾದರು, ನಮ್ಮ ಸಭೆಯ ಹಿರಿಯರಾದರು. ಅವರಿಗೆ ಸತ್ಯವೇದದ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದು ಈ ಅಕ್ಕನೇ, ಒಂದೊಂದು ವಾಕ್ಯಕ್ಕೆ ಒಂದೊಂದು ಚೂರು ಬೆಲ್ಲ ಕೊಟ್ಟು. ಮಾಸ್ತರರ ಹಲ್ಲು ಬೇಗ ಹುಳುಕಾದದ್ದು ಅದಕ್ಕೇ ಎಂದು ನಾನು ಹೇಳುತ್ತಿದ್ದೆ. ಅವರಿಗೆ ನಗು ಬರುತ್ತಿರಲಿಲ್ಲ.

ಹುನಗುಂದಕ್ಕೆ ಮದುವೆಯಾಗಿ ಹೋದ ರೂತವ್ವ ವಾಂತಿಭೇದಿಯಲ್ಲಿ ಗಂಡನನ್ನು ಕಳೆದುಕೊಂಡು ತಮ್ಮನ ಊರಿಗೆ ಬಂದಳು. ಸಭೆಯವರು ಅವಳಿಗೆ ಊರೂರು ತಿರುಗಿ ಹೆಂಗಸರಿಗೆ ಸುವಾರ್ತೆ ಹೇಳುವ ಕೆಲಸ ಕೊಟ್ಟರು. ಬೈಬಲ್ ವುಮನ್ ಎಂದು ಅದರ ಹೆಸರು. ಹಳ್ಳಿಯವರ ಬಾಯಲ್ಲಿ ಅವಳು ಏಸೂನ ಅಕ್ಕ. ಹೆಗಲಿಗೊಂದು ಚೀಲ, ಅದರಲ್ಲಿ ಸಣ್ಣ ಸಣ್ಣ ಪುಸ್ತಕ, ಮಕ್ಕಳ ಕಣ್ಣಿಗೆ ಹಚ್ಚುವ ಮುಲಾಮು. ಶಿರೂರು, ಕಲಾದಗಿ, ಇಳಕಲ್ಲು, ಹುನಗುಂದ, ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲು. ಇಳಕಲ್ಲಿನ ಮಗ್ಗದ ಓಣಿಯಲ್ಲಿ ಹೆಂಗಸರ ಜೊತೆ ಕೂತು ಕಂಡಿಕೆಗೆ ನೂಲು ಸುತ್ತಿಕೊಡುತ್ತಲೇ ಏಸುವಿನ ಮಾತು ಹೇಳುವಳು. ಮೂವತ್ತು ವರ್ಷ ಬಲೆ ಬೀಸಿದರೂ ಒಂದು ಮೀನೂ ಬೀಳಲಿಲ್ಲ ಎಂದು ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು. ಕೊನೆಗೆ ಒಂದು ಬಂತು. ಬಂದ ಆ ಒಂದು ಜೀವ ನಮ್ಮ ಸಭೆಯನ್ನು ಎರಡು ಮಾಡಿತು.

ಅವಳ ಹೆಸರು ದುರಗವ್ವ. ಹಡೆದವರು ಇಟ್ಟದ್ದು ದುರಗಪ್ಪ. ಎಲ್ಲಮ್ಮನಿಗೆ ಬಿಟ್ಟ ಜೋಗಪ್ಪ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಗಂಡಾಗಿ ಹುಟ್ಟಿ, ಮೈಮನಸ್ಸಿನಲ್ಲಿ ಹೆಣ್ಣೆಂದು ಅನ್ನಿಸಿದವರ ಮೇಲೆ ದೇವಿ ಬಂದಿದ್ದಾಳೆ ಎಂದು ನಂಬಿ, ಕೊರಳಿಗೆ ಮುತ್ತು ಕಟ್ಟಿ, ಸೀರೆ ಉಡಿಸಿ ದೇವಿಗೆ ಬಿಡುತ್ತಾರೆ. ಅವರು ಮಂಗಳವಾರ, ಶುಕ್ರವಾರ ಚೌಡಿಕೆ ಬಾರಿಸುತ್ತ ಮನೆ ಮನೆಗೆ ಜೋಗ ಬೇಡುತ್ತಾರೆ. ತಲೆಯಲ್ಲಿ ಜಡೆಗಟ್ಟಿದರೆ ಅದು ದೇವಿಯ ಜಡೆ, ಕತ್ತರಿ ತಾಗಿಸುವಂತಿಲ್ಲ. ದುರಗವ್ವನಿಗೆ ಸೊಂಟದ ತನಕ ಜಡೆ ಇತ್ತು. ಇಳಕಲ್ಲಿನಲ್ಲಿ ಕಂಡಿಕೆ ಸುತ್ತುವ ಕೆಲಸವನ್ನೂ ಮಾಡುತ್ತಿದ್ದಳು. ರೂತವ್ವನಿಗೆ ಅವಳ ಪರಿಚಯವಾದದ್ದು ಅಲ್ಲಿಯೇ.

ಒಮ್ಮೆ ರೂತವ್ವ ಹೋದಾಗ ದುರಗವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅನ್ನ ಬಿಟ್ಟು ದಿನಗಳಾಗಿದ್ದವು. ಯಾಕೆಂದು ಓಣಿಯವರು ಹೇಳಲಿಲ್ಲ, ಮುಸಿಮುಸಿ ನಕ್ಕರು. ರೂತವ್ವ ಅಲ್ಲೇ ಉಳಿದು ಗಂಜಿ ಕಾಸಿ ಕುಡಿಸಿದಳು. ಚೇತರಿಸಿಕೊಂಡ ಮೇಲೆ ದುರಗವ್ವ ಕೇಳಿದಳಂತೆ, "ಯವ್ವಾ, ನಿಮ್ಮ ದೇವ್ರು ನನ್ನಂಥಾಕಿನ್ನ ಮನಿ ಒಳಗ ಬಿಟ್ಟಕೊಂತಾನೇನು?"

"ಬಂದವರನ್ನ ಆತ ಎಂದೂ ಹೊರಗ ಹಾಕೂದಿಲ್ಲ. ಅದು ಆತ ಹೇಳಿದ ಮಾತು. ನಾನೂ ಹೇಳ್ತೇನಿ, ನನ್ನ ಮಾತೂ ಅದ," ಎಂದಳಂತೆ ರೂತವ್ವ.

ಆ ಮಾತು ನಂಬಿ ದುರಗವ್ವ ಗಂಟು ಕಟ್ಟಿಕೊಂಡು ಬಾಗಲಕೋಟೆಗೆ ಬಂದಳು. ರೂತವ್ವನ ಹಿತ್ತಲ ಕೋಣೆಯಲ್ಲಿ ಉಳಿದಳು. ದೀಕ್ಷಾಸ್ನಾನ ಬೇಕೆಂದಳು.

ಆಗ ನಮ್ಮ ಸಭೆಗೆ ಹೊಸದಾಗಿ ಪಾದ್ರಿಗಳಾಗಿ ಬಂದಿದ್ದವರು ಸುಮಂತ ಅಯ್ಯನವರು. ಮಂಗಳೂರು ಕಡೆಯವರು, ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ವಯಸ್ಸು. ಹಿರಿಯರ ಕೂಟ ಕರೆದರು. ಬರಹಕ್ಕೆ ಒಬ್ಬರು ಬೇಕಿತ್ತೆಂದು ನನ್ನನ್ನೂ ಕೂಡಿಸಿಕೊಂಡರು. ಯೆರೆಮೀಯ ಮಾಸ್ತರರು ಕನ್ನಡಕ ಒರೆಸಿ, ಎದುರಿಗೆ ನಿಂತ ದುರಗವ್ವನನ್ನು ನೇರ ಕೇಳಿದರು.

"ಮೊದಲ ಇದನ್ನ ಹೇಳು. ನೀ ಯಾರ ಕೂಡಾರ ಸಂಸಾರ ಮಾಡಿಯೇನು?"

ಇಲ್ಲ ಎಂದುಬಿಡು ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಲ್ಲ ಎಂದಿದ್ದರೆ ಅರ್ಧ ಗಂಡಾಂತರ ಅಲ್ಲೇ ತಪ್ಪುತ್ತಿತ್ತು.

"ಹೌದ್ರಿ, ಒಬ್ಬ ಇದ್ದ," ಎಂದಳು ದುರಗವ್ವ. "ಏಳು ವರ್ಷ ರೊಟ್ಟಿ ಬಡದು ಹಾಕೀನ್ರಿ. ಜಡ್ಡಾದಾಗ ಉಚ್ಚಿ ಬಳದೇನಿ. ಹ್ವಾದ ವರ್ಷ ಅವನ ಮನ್ಯಾಗ ಹೆಣ್ಣ ನೋಡಿದ್ರು, ಲಗ್ನಾ ಆದ. ಅಕ್ಕಿಕಾಳ ನಾನೂ ಹಾಕಿ ಬಂದೆ. ಅವತ್ತ ಊಟಾ ಬಿಟ್ಟದ್ದು. ಆಮ್ಯಾಗ ಈ ಯವ್ವಾ ಬಂದ್ಲು."

ನನ್ನ ಕೈಯಲ್ಲಿನ ಪೆನ್ನು ಹಾಗೇ ನಿಂತಿತು. ಇಂಥ ಮಾತನ್ನು ಇಷ್ಟು ಸಲೀಸಾಗಿ, ಜೋಳದ ಧಾರಣೆ ಹೇಳುವ ಹಾಗೆ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಮಾಸ್ತರರ ಮುಖ ಕೆಂಪಡರಿತು. ಇಂಗ್ಲೆಂಡಿನ ಸಭೆಯ ನಂಟಿನದು ನಮ್ಮ ಸಭೆ. ಬಿಷಪ್ಪರು, ನಿಲುವಂಗಿ, ಪ್ರಾರ್ಥನೆಯ ಕ್ರಮ ಎಲ್ಲ ಅಲ್ಲಿಂದ ಬಂದದ್ದು. ಅಲ್ಲಿಯೂ ಗಂಡಸರ ಜೊತೆ ಗಂಡಸರಿರುವ ವಿಷಯಕ್ಕೆ ಪಾದ್ರಿಗಳಲ್ಲೇ ಎರಡು ಪಂಗಡವಾಗುತ್ತಿದೆ ಎಂದು ಮಾಸ್ತರರು ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದರು.

"ಇದು ವಿಲಾಯತಿ ರೋಗ. ಇಲ್ಲೀತನಕ ಬಂತು," ಎಂದರು.

ದುರಗವ್ವನಿಗೆ ವಿಲಾಯತಿ ಯಾವ ದಿಕ್ಕಿಗಿದೆಯೋ ಗೊತ್ತಿರಲಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಅವಳಂಥವರು ಹೋಗುತ್ತಿದ್ದದ್ದು ಮಾಸ್ತರರ ಅಜ್ಜನ ಅಜ್ಜನಿಗೂ ಗೊತ್ತಿದ್ದ ಸಂಗತಿ. ಆದರೆ ಓದಿದವರಿಗೆ ರೋಗ ಯಾವಾಗಲೂ ದೂರದಿಂದಲೇ ಬರಬೇಕು.

ಕೊನೆಗೆ ಅಯ್ಯನವರು ಷರತ್ತು ಹೇಳಿದರು. ಎಲ್ಲಮ್ಮನ ಮುತ್ತು ತೆಗೆಯಬೇಕು, ಜಡೆ ಕತ್ತರಿಸಬೇಕು, ಚೌಡಿಕೆ ಬಿಡಬೇಕು. ಎಲ್ಲಕ್ಕೂ ದುರಗವ್ವ ತಲೆಯಾಡಿಸಿದಳು. ಧೋತರ ಉಡಬೇಕು ಎಂದರು ಮಾಸ್ತರರು. ಅದಕ್ಕೆ ಮಾತ್ರ ಆಗಲಿಲ್ಲ.

"ಧೋತರಾ ಉಟ್ರ ನಾ ಇನ್ನೊಬ್ಬರ ಅರಬಿ ಉಟ್ಟಂಗ ಆಕ್ಕೈತ್ರಿ. ದೇವ್ರ ಮುಂದ ಸುಳ್ಳ ಉಟ್ಕೊಂಡು ಹೆಂಗ ನಿಂದ್ರಲಿ?"

ಜಡೆ ಕತ್ತರಿಸಿದ್ದು ರೂತವ್ವನೇ, ಹಿತ್ತಲ ಕಟ್ಟೆಯ ಮೇಲೆ, ಹಾಡುಹಗಲಲ್ಲಿ. ಓಣಿಯ ಹೆಂಗಸರು ಗೋಡೆಯ ಮೇಲಿಂದ ನೋಡುತ್ತಿದ್ದರು. ನೆರೆಮನೆಯ ಗುಲಾಬಬಿ ಬಾಯಿಗೆ ಸೆರಗು ಹಿಡಿದು, "ಯಕ್ಕಾ, ಬ್ಯಾರೇದವರ ದೇವ್ರ ಕೂದಲಕ್ಕ ಯಾಕ ಕೈ ಹಚ್ಚೀರಿ? ನಿಮಗೇನರ ಆತಂದ್ರ?" ಎಂದಳು. ಕತ್ತರಿ ಮುಂದೆ ಹೋಗದೆ ಮೂರು ಸಲ ಸಿಕ್ಕಿಕೊಂಡಿತು. ದುರಗವ್ವ ಕಟ್ಟೆಯ ಅಂಚು ಬಿಗಿಯಾಗಿ ಹಿಡಿದಿದ್ದಳು. ಅವಳ ಮಟ್ಟಿಗೆ ಅದು ಕೂದಲಲ್ಲ, ದೇವಿ. ಕತ್ತರಿ ಬಿದ್ದ ಕ್ಷಣ ರಕ್ತ ಕಾರಿ ಸಾಯುತ್ತೇನೆಂದೇ ಅವಳು ತಿಳಿದಿದ್ದಳು, ಹಾಗಿದ್ದೂ ಕೂತಿದ್ದಳು. ಅಷ್ಟು ನಂಬಿಕೆಯನ್ನು ನಾನು ನಮ್ಮ ದೇವಾಲಯದೊಳಗೆ ಎಂದೂ ನೋಡಿಲ್ಲ.

ವಾರದೊಳಗೆ ಅವಳ ಗುರು ಸಂಗವ್ವ ಜೋಗತಿ ಇಳಕಲ್ಲಿನಿಂದ ಬಂದಳು. ಮನೆಯೊಳಗೆ ಕಾಲಿಡಲಿಲ್ಲ. ಬೀದಿಯಲ್ಲಿ ನಿಂತೇ, "ಎಲ್ಲಮ್ಮನ ಜಡಿ ಕತ್ತರಿಸಿದಾಕಿ ನಮ್ಮ ಪಾಲಿಗಿ ಸತ್ತಂಗ. ಇನ್ನ ನಮ್ಮ ಹೊಚ್ಚಲಾ ತುಳೀಬ್ಯಾಡ," ಎಂದು ನೆಲಕ್ಕೆ ಉಗುಳಿ ಹೋದಳು. ಅಲ್ಲಿಗೆ ದುರಗವ್ವನಿಗೆ ಹಿಂದಿನ ಬಾಗಿಲು ಮುಚ್ಚಿತು. ಇನ್ನು ಇದ್ದದ್ದು ಮುಂದಿನ ಬಾಗಿಲೊಂದೇ, ನಮ್ಮದು.

ಪುನರುತ್ಥಾನದ ಹಬ್ಬವಾದ ಈಸ್ಟರಿನ ದಿನ ಅಯ್ಯನವರು ಸೀರೆ ಉಟ್ಟ ದುರಗವ್ವನಿಗೆ ದೀಕ್ಷಾಸ್ನಾನ ಕೊಟ್ಟರು. ಅಷ್ಟರ ತನಕ ಜನ ಗುಸುಗುಸು ಎಂದಿದ್ದೇ ಹೊರತು ಎದ್ದು ಹೋಗಿರಲಿಲ್ಲ. ಸಿಡಿದದ್ದು ಏಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಕರ್ತನ ಭೋಜನದ ದಿನ. ನಮ್ಮಲ್ಲಿ ಗಂಡಸರು ಬಲಗಡೆ, ಹೆಂಗಸರು ಎಡಗಡೆ. ಗಂಡಹೆಂಡತಿಯಾದರೂ ಜೊತೆಗೆ ಕೂಡುವಂತಿಲ್ಲ. ರೊಟ್ಟಿ, ದ್ರಾಕ್ಷಾರಸ ಮೊದಲು ಗಂಡಸರಿಗೆ, ಆಮೇಲೆ ಹೆಂಗಸರಿಗೆ. ಎಲ್ಲರಿಗೂ ಒಂದೇ ಪಾತ್ರೆ. ದುರಗವ್ವ ರೂತವ್ವನ ಪಕ್ಕ ಎಡಗಡೆ ಕೂತಿದ್ದಳು. ತನ್ನ ಎಂಜಲು ಯಾರಿಗೂ ಬೇಡವೆಂದು ತಾನಾಗಿಯೇ ಎಲ್ಲರೂ ಮುಗಿಸುವ ತನಕ ಕಾದು ಕೊನೆಗೆ ಎದ್ದು ಬಂದಳು. ಆದರೆ ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಬಾರದು, ಅಯ್ಯನವರೇ ಕುಡಿದು ಮುಗಿಸಬೇಕು ಎಂಬುದು ನಮ್ಮ ಕ್ರಮ. ಅಯ್ಯನವರು ಕುಡಿದರು.

ಮಾಸ್ತರರು ಎದ್ದು ನಿಂತರು. ಗಂಡಸು ಹೆಂಗಸಿನ ಉಡುಗೆ ಉಡುವುದು ದೇವರಿಗೆ ಅಸಹ್ಯ ಎಂಬ ಮೋಶೆಯ ಶಾಸನವನ್ನು ಪುಸ್ತಕ ತೆರೆಯದೆ, ತಡವರಿಸದೆ ಹೇಳಿದರು.

"ಅಪೊಸ್ತಲರ ಕಾಲದಲ್ಲಿ ರಾಣಿಯ ಆಸ್ಥಾನದ ನಪುಂಸಕ ಕಂಚುಕಿಗೆ ದಾರಿಯ ಬದಿಯ ನೀರಿನಲ್ಲೇ ದೀಕ್ಷಾಸ್ನಾನ ಕೊಟ್ಟರಲ್ಲ, ಅದೂ ವೇದವೇ ಅಲ್ಲವೇ?" ಎಂದರು ಅಯ್ಯನವರು.

"ಆ ಕಂಚುಕಿ ಸೀರಿ ಉಟ್ಟಿದ್ದಾಂತ ಎಲ್ಲೂ ಬರದಿಲ್ರಿ."

"ಧೋತರ ಉಟ್ಟಿದ್ದನೆಂದೂ ಬರೆದಿಲ್ಲ."

ಹಿಂದೆ ಯಾರೋ ನಕ್ಕರು. ಆ ನಗುವೇ ಕೆಟ್ಟದ್ದಾಯಿತು. ಮಾಸ್ತರರು ಸರಸರನೆ ಮುಂದೆ ಬಂದು, ಇಂಗ್ಲೆಂಡಿನಿಂದ ಬಂದಿದ್ದ ಬೆಳ್ಳಿಯ ಪಾತ್ರೆಯನ್ನು ಎತ್ತಿಕೊಂಡು ಹೊರನಡೆದರು. ಅರ್ಧ ಸಭೆ ಅವರ ಹಿಂದೆ ಹೋಯಿತು. ಆರಾಧನೆಯ ನಡುವೆ ಪಾತ್ರೆ ಎತ್ತಿಕೊಂಡು ಹೋಗುವುದೆಂದರೆ! ನಾನು ಪೇಟಿಗೆ ಗಾಳಿ ಒತ್ತುವುದನ್ನೂ ಮರೆತು ದಂಗಾಗಿ ಕೂತುಬಿಟ್ಟೆ.

ಒಂದು ವರ್ಷ ಹಾಗೇ ನಡೆಯಿತು. ಅವರಿಗೆ ಪಾತ್ರೆ ಇತ್ತು, ಕಟ್ಟಡವಿರಲಿಲ್ಲ. ಮಾಸ್ತರರ ಸಾಲಿಯ ಕೋಣೆಯಲ್ಲಿ ಕೂಡಿದರು. ನಮಗೆ ಕಟ್ಟಡವಿತ್ತು, ಪಾತ್ರೆಯಿರಲಿಲ್ಲ. ಸ್ಟೀಲಿನ ಲೋಟದಲ್ಲಿ ಸಾಗಿಸಿದೆವು. ಅವರು ನಮ್ಮನ್ನು ಜೋಗಪ್ಪನ ಸಭೆ ಎಂದರು, ನಾವು ಅವರನ್ನು ಬಟ್ಟಲು ಕಳ್ಳರೆಂದೆವು. ಒಂದೇ ಬಾವಿಯ ನೀರು ಕುಡಿದವರ ಮನೆಗಳಲ್ಲಿ ಮದುವೆ ಮಾತು ಮುರಿದವು. ಬಿಷಪ್ಪರಿಗೆ ಎರಡೂ ಕಡೆಯಿಂದ ಅರ್ಜಿ ಹೋದವು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ದುರಗವ್ವ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಮಾಸ್ತರರು ಕೆಟ್ಟ ಮನುಷ್ಯರಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸುವ ಸಂಗತಿ. ಕೆಟ್ಟವರಾಗಿದ್ದರೆ ಒಂದು ಬೈದು ಬಿಟ್ಟುಬಿಡಬಹುದಿತ್ತು. ಸಂಜೆ ತಪ್ಪದೆ ಅಕ್ಕನ ಮನೆಗೆ ಬಂದು ಚಹಾ ಕುಡಿಯುತ್ತಿದ್ದವರು ಹೊಸ್ತಿಲ ಆಚೆ ನಿಂತು ಮಾತಾಡಿಸತೊಡಗಿದರು. ಒಮ್ಮೆ ನಾನೂ ಅಲ್ಲಿದ್ದೆ.

"ಯಕ್ಕಾ, ವೇದದಾಗ ಒಂದ ಅಕ್ಷರಾ ಸಡ್ಲ ಬಿಟ್ರ ಎಲ್ಲಾ ಸಡ್ಲ ಆಕ್ಕೈತಿ ಅಂತ ನೀನ ಕಲಿಸಿದ್ದಿ. ಈಗ ನೀನ ಬಿಡಾಕ ಹೇಳ್ತಿ."

"ಯಪ್ಪಾ, ಕೂದಲಕ್ಕ ಕತ್ತರಿ ಹಾಕಿದಾಕಿ ನಾನು," ಎಂದಳು ರೂತವ್ವ. "ಆಕಿಗಿ ಇನ್ನ ಹೋಗಾಕ ಜಾಗಾ ಇಲ್ಲ. ನಾ ಕೊಟ್ಟ ಮಾತ ಸುಳ್ಳಾತಂದ್ರ ನಾ ಊರೂರು ತಿರುಗಿ ಹೇಳಿದ್ದೆಲ್ಲಾ ಸುಳ್ಳ. ನೀನ ಹೇಳು, ನಾ ಸುಳ್ಳ ಹೇಳೀನೇನು?"

ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಬಿಷಪ್ಪರು ಬಂದದ್ದು ಎಂಬತ್ತರಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವದವರು. ಸುಮಂತ ಅಯ್ಯನವರನ್ನು ಬೇರೆ ಊರಿಗೆ ವರ್ಗ ಮಾಡಿದರು. ಎರಡೂ ಕಡೆಯ ಹಿರಿಯರನ್ನು ಕೋಣೆಯೊಳಗೆ ಕೂಡಿಸಿಕೊಂಡು ಒಪ್ಪಂದ ಮಾಡಿಸಿದರು. ದುರಗವ್ವ ಆರಾಧನೆಗೆ ಬರಬಹುದು, ಎಡಗಡೆಯೇ ಕೂಡಬಹುದು. ಆದರೆ ಮೇಲಿನ ಸಮಿತಿ ತೀರ್ಮಾನ ಕೊಡುವ ತನಕ ಕರ್ತನ ಭೋಜನವಿಲ್ಲ. ಆ ಸಮಿತಿ ಇವತ್ತಿಗೂ ತೀರ್ಮಾನ ಕೊಟ್ಟಿಲ್ಲ. ಇದನ್ನು ದುರಗವ್ವನಿಗಾಗಲಿ ರೂತವ್ವನಿಗಾಗಲಿ ಯಾರೂ ಹೇಳಲಿಲ್ಲ. ಹೇಳುವ ಕೆಲಸ ಇನ್ನೊಬ್ಬರದೆಂದು ಪ್ರತಿಯೊಬ್ಬರೂ ತಿಳಿದರು.

ಒಂದಾದ ಸಭೆಯ ಮೊದಲ ಆರಾಧನೆ. ಬೆಳ್ಳಿಯ ಪಾತ್ರೆ ವಾಪಸು ಬಂದಿತ್ತು. ದುರಗವ್ವ ಮುಂಜಾನೆಯೇ ಬಂದು ಕಸ ಹೊಡೆದು, ಜಮಖಾನೆ ಹಾಸಿ, ಎಡಗಡೆ ಮುಂದಿನ ಸಾಲಿನಲ್ಲಿ ರೂತವ್ವನ ಜೊತೆ ಕೂತಳು. ಹೆಂಗಸರು ಬಂದು ಹಿಂದೆ ಕೂತರು. ಮೊದಲ ಕೀರ್ತನೆ ಅರ್ಧವಾಗಿತ್ತು. ಸಾಲಿಯ ಕೋಣೆಯ ಕಡೆಯ ಒಬ್ಬಳು ಎದ್ದು, ನಡುವಿನ ಹಾದಿ ದಾಟಿ ಗಂಡಸರ ಕಡೆ ಹೋಗಿ ಕೂತಳು. ಹಿಂದೆ ಇನ್ನೊಬ್ಬಳು. ಆಮೇಲೆ ಸಾಲು ಸಾಲೇ ಎದ್ದಿತು. ಬಸುರಿ ಸೊಸೆಯೊಬ್ಬಳು ಕಣ್ಣು ಕಾಣದ ಅತ್ತೆಯ ಕೈ ಹಿಡಿದು ದಾಟಿಸಿದಳು. ನಮ್ಮ ಕಡೆಯ ಹೆಂಗಸರೂ ಎದ್ದರು, ವರ್ಷವಿಡೀ ದುರಗವ್ವನ ಜೊತೆ ಒಂದೇ ಲೋಟದಲ್ಲಿ ಕುಡಿದವರು! ಗಂಡಸರು ಒತ್ತಿ ಒತ್ತಿ ಸರಿದು ಜಾಗ ಕೊಟ್ಟರು. ದುರಗವ್ವನನ್ನು ಹೆಂಗಸರ ಕಡೆ ಕೂಡಿಸಬಾರದೆಂದು ಎದ್ದ ಜಗಳ ಹೆಂಗಸರನ್ನೇ ತಂದು ಗಂಡಸರ ತೊಡೆಗೆ ತೊಡೆ ತಾಗಿಸಿ ಕೂಡಿಸಿತು. ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಒಂದು ಕೀರ್ತನೆಯೊಳಗೆ ಮುರಿದು ಬಿತ್ತು, ಒಬ್ಬ ಹಿರಿಯನೂ ವೇದ ಎತ್ತಲಿಲ್ಲ. ನನಗೆ ನಗು ಉಕ್ಕಿ ಬಂತು. ಅಷ್ಟರಲ್ಲಿ ದುರಗವ್ವ ಹಿಂದಿರುಗಿ ಖಾಲಿ ಜಮಖಾನೆ ನೋಡಿದಳು. ಆ ಮುಖ ನೋಡಿ ನನ್ನ ಬೆರಳು ಪೇಟಿಯ ಮನೆ ತಪ್ಪಿ ಬೇರೆ ಸ್ವರ ಒತ್ತಿದವು.

ಭೋಜನಕ್ಕೆ ಎಲ್ಲರೂ ಬಂದು ಹೋದ ಮೇಲೆ ಇಬ್ಬರೂ ಎದ್ದು ಬಂದು ಮೊಣಕಾಲೂರಿದರು. ಬಿಷಪ್ಪರು ರೂತವ್ವನ ಅಂಗೈಯಲ್ಲಿ ರೊಟ್ಟಿಯ ತುಣುಕು ಇಟ್ಟರು. ದುರಗವ್ವ ಎರಡೂ ಕೈ ಚಾಚಿದ್ದಳು. ಬಿಷಪ್ಪರು ತಟ್ಟೆಯ ಮೇಲೆ ಬಟ್ಟೆ ಮುಚ್ಚಿದರು. ಪಾತ್ರೆ ಹಿಡಿದು ಹಿಂದೆ ನಿಂತಿದ್ದ ಯೆರೆಮೀಯ ಮಾಸ್ತರರು ನೆಲ ನೋಡುತ್ತಿದ್ದರು.

ರೂತವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು, ಬಿಷಪ್ಪರು ಮುಚ್ಚಿದ ಬಟ್ಟೆಯನ್ನು ತಾನೇ ಸರಿಸಿ, ತನ್ನ ತುಣುಕನ್ನು ತಟ್ಟೆಯಲ್ಲಿ ವಾಪಸು ಇಟ್ಟಳು.

"ಇಕಿಗಿ ಇಲ್ಲದ್ದು ನನಗೂ ಬ್ಯಾಡ್ರಿ," ಎಂದಳು. ದುರಗವ್ವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಗೆ ಹೋದಳು. ದೇವರ ರೊಟ್ಟಿಯನ್ನು ಹೀಗೆ ಹಿಂದಕ್ಕೆ ಕೊಟ್ಟವರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಒಬ್ಬ ಮುದುಕಿ ಜೋರಾಗಿ ಅತ್ತುಬಿಟ್ಟಳು.

ರೂತವ್ವನ ಕೆಲಸ ಹೋಯಿತು. ಇಬ್ಬರೂ ರೊಟ್ಟಿ ಬಡಿದು ಬಸ್ ಸ್ಟ್ಯಾಂಡಿನ ಖಾನಾವಳಿಗೆ ಕೊಟ್ಟು ಬದುಕಿದರು. ಭಾನುವಾರ ಮನೆಯಲ್ಲೇ ಹಾಡು, ಪ್ರಾರ್ಥನೆ. ಚೌಡಿಕೆಯ ಜೊತೆ ಹದಗೊಂಡ ದನಿ ದುರಗವ್ವನದು. ಅವಳು ಕೀರ್ತನೆ ಹಾಡಿದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಇತ್ತ ನಮ್ಮ ಸಭೆಯಲ್ಲಿ ಮರುವಾರವೇ ಹೆಂಗಸರು ಎಡಗಡೆಗೆ ವಾಪಸು ಹೋದರು, ಏನೂ ಆಗಿಯೇ ಇಲ್ಲ ಎಂಬಂತೆ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ರೂತವ್ವ ಹಾಸಿಗೆ ಹಿಡಿದಳು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮುಂಜಾನೆ ಮಾಸ್ತರರು ನನ್ನ ಮನೆಗೆ ಬಂದರು. ಹೊಸ ಅಯ್ಯನವರನ್ನು ಕರೆದುಕೊಂಡು ಬಂದಿದ್ದರು. ಕೊನೆಯ ಭೋಜನ ಕೊಡಿಸಬೇಕು, ನೀವೂ ಬಂದು ಒಂದು ಕೀರ್ತನೆ ಹಾಡ್ರಿ ಎಂದರು. ಐದು ವರ್ಷಗಳ ಮೇಲೆ ಅವರು ಅಕ್ಕನ ಹೊಸ್ತಿಲು ದಾಟಿದರು.

ದುರಗವ್ವ ಮಂಚದ ಕಾಲದೆಸೆಯಲ್ಲಿ ಕೂತು ರೂತವ್ವನ ಪಾದ ತಿಕ್ಕುತ್ತಿದ್ದಳು. ಅಯ್ಯನವರು ಪ್ರಾರ್ಥನೆ ಮುಗಿಸಿ ರೊಟ್ಟಿಯ ಡಬ್ಬಿ ತೆರೆದರು. ಕೊಡುವ ಕೈ ತಮ್ಮದಾಗಲಿ ಎಂದು ಬೇಡಿ ಮಾಸ್ತರರು ತುಣುಕನ್ನು ತಾವೇ ತೆಗೆದುಕೊಂಡು ಅಕ್ಕನ ಬಾಯಿಯ ಹತ್ತಿರ ಹಿಡಿದರು.

"ಎಷ್ಟ ಮಂದಿಗಿ ತಂದೀರಿ?" ಎಂದಳು ರೂತವ್ವ. ದನಿ ಬಹಳ ಸಣ್ಣದಾಗಿತ್ತು.

"ನಿನಗ ತಂದೇವಿ, ಯಕ್ಕಾ."

ರೂತವ್ವ ಬಾಯಿ ಮುಚ್ಚಿದಳು.

"ಯಕ್ಕಾ, ಬಾಯಿ ತಗಿ. ಹಿಂಗ ಹೋಗಬ್ಯಾಡ. ನನ್ನ ಮಾರಿ ನೋಡು. ಬಾಯಿ ತಗಿ." ಮಾಸ್ತರರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಯವ್ವಾ, ನನ್ನ ಸಲುವಾಗಿ ಬ್ಯಾಡ ಯವ್ವಾ, ನೀ ತಗೋ," ಎಂದು ದುರಗವ್ವ ಪಾದಕ್ಕೆ ಹಣೆ ಹಚ್ಚಿ ಅತ್ತಳು. ರೂತವ್ವ ತುಟಿ ಬಿಗಿದು ತಮ್ಮನನ್ನೇ ನೋಡುತ್ತಿದ್ದಳು, ಸಿಟ್ಟಿರಲಿಲ್ಲ, ಕಾಯುವವರ ಹಾಗೆ ನೋಡುತ್ತಿದ್ದಳು.

ಮಾಸ್ತರರು ದುರಗವ್ವನ ಕಡೆ ತಿರುಗಿದರು. ಇಬ್ಬರ ನಡುವೆ ಒಂದು ಮಂಚದ ಅಂತರ. ತುಣುಕು ಹಿಡಿದ ಕೈ ಅರ್ಧದ ತನಕ ಹೋಯಿತು. ಕೊಟ್ಟರೆಂದೇ ನಾನು ತಿಳಿದೆ. ದುರಗವ್ವನೂ ಹಾಗೇ ತಿಳಿದಿರಬೇಕು, ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಂಡಳು.

ಆ ಕೈ ಹಿಂದಕ್ಕೆ ಬಂತು. ಮಾಸ್ತರರು ತುಣುಕನ್ನು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ಊಟದ ಹೊತ್ತಿಗೆ ರೂತವ್ವ ತೀರಿಕೊಂಡಳು, ಬಾಯಿ ತೆರೆಯಲೇ ಇಲ್ಲ.